ಕೆರೆ ನೀರು ಚೆನ್ನಾಗಿದೆ ಅಂದರೆ ಮೀನೂ ಚೆನ್ನಾಗಿದೆಯಾ?

ಓದುಗರ ಪತ್ರ: ನಮ್ಮೂರ ಕೆರೆಗೆ ವಿ.ಸಿ. ನಾಲೆಯ ನೀರು ಬರುತ್ತದೆ. ಸುತ್ತ ಭತ್ತ, ಕಬ್ಬು. ನೀರು ಪರೀಕ್ಷೆ ಮಾಡಿಸಿದೆವು, ಕೀಟನಾಶಕ ಪತ್ತೆಯಾಗಲಿಲ್ಲ. ಆದರೂ ಮೀನಿನಲ್ಲಿ ಸಾವಿರಾರು ಪಟ್ಟು ಇರಬಹುದು ಅಂತಾಳೆ ಮಗಳು. ಯಾವುದು ನಿಜ? ಉಪ್ಪು, ಅರಿಸಿನ ಹಾಕಿ ತೊಳೆದರೆ ಹೋಗಲ್ವಾ? – ಓದುಗರೊಬ್ಬರು, ಮಂಡ್ಯ ಜಿಲ್ಲೆ

ಸಂಪಾದಕರ ಉತ್ತರ: ನಿಮ್ಮ ವರದಿಯೂ ನಿಜ ಇರಬಹುದು, ಮಗಳ ಮಾತೂ ನಿಜ ಇರಬಹುದು. ವರದಿ ಹೇಳಿದ್ದು ನೀರಿನ ಬಗ್ಗೆ. ಮೀನನ್ನು ಯಾರೂ ಕೇಳಿಲ್ಲ.

ಮೀನು ದಿನವಿಡೀ ಕಿವಿರಿನ ಮೂಲಕ ನೀರು ಹಾಯಿಸುತ್ತದೆ. ಡಿಡಿಟಿಯಂಥ ಕೀಟನಾಶಕಕ್ಕೆ ನೀರು ಒಗ್ಗುವುದಿಲ್ಲ, ಕೊಬ್ಬು ಒಗ್ಗುತ್ತದೆ. ಹಾಗಾಗಿ ಕಿವಿರು ದಾಟಿ ರಕ್ತಕ್ಕೆ, ಅಲ್ಲಿಂದ ಕೊಬ್ಬಿಗೆ ಹೋಗಿ ಕೂರುತ್ತದೆ. ಒಳಗೆ ಬರುವ ವೇಗಕ್ಕಿಂತ ಹೊರಗೆ ಹೋಗುವ ವೇಗ ಕಮ್ಮಿಯಾದರೆ ದಿನದಿನಕ್ಕೂ ಸೇರುತ್ತಾ ಹೋಗುತ್ತದೆ.

ಇದನ್ನು ಅಳೆಯುವ ಕ್ರಮ ನನಗೆ ತುಂಬ ಇಷ್ಟ. ಆ ರಾಸಾಯನಿಕವನ್ನು ಬಹಳ ಕಡಿಮೆ ಬೆರೆಸಿದ ನೀರಿನಲ್ಲಿ ಮೀನುಗಳನ್ನು ಸಾಮಾನ್ಯವಾಗಿ 28 ದಿನ ಇಡುತ್ತಾರೆ. ಆಗಾಗ ಕೆಲವನ್ನು ತೆಗೆದು ಎಷ್ಟು ಸೇರಿದೆ ನೋಡುತ್ತಾರೆ. ಆಮೇಲೆ ಉಳಿದವನ್ನು ಶುದ್ಧ ನೀರಿಗೆ ಬಿಟ್ಟು, ಎಷ್ಟು ಬೇಗ ಇಳಿಯುತ್ತದೆ ನೋಡುತ್ತಾರೆ. ಒಂದು ಲೀಟರ್ ನೀರಿನಲ್ಲಿ 1 ಮೈಕ್ರೋಗ್ರಾಂ, ಒಂದು ಕಿಲೋ ಮೀನಿನಲ್ಲಿ 2,000 ಮೈಕ್ರೋಗ್ರಾಂ ಇದ್ದರೆ 2,000 ಪಟ್ಟು ಅಂತ ಲೆಕ್ಕ. ಯುರೋಪಿನ ನಿಯಮದಲ್ಲಿ 2,000 ದಾಟಿದರೆ ಅದು ಮೈಯಲ್ಲಿ ಸೇರುವ ವಸ್ತು, 5,000 ದಾಟಿದರೆ ವಿಪರೀತ ಸೇರುವ ವಸ್ತು. ಮಗಳು ಹೇಳಿದ ಸಾವಿರಾರು ಪಟ್ಟು ಸುಮ್ನೆ ಮಾತಲ್ಲ.

ಈ ಲೆಕ್ಕದಲ್ಲಿ ಎಡವೋದೂ ಸುಲಭ. ಮೀನು ಬೇಗ ಬೆಳೆದರೆ ಅದೇ ವಿಷ ದೊಡ್ಡ ಮೈಗೆ ಹಂಚಿಹೋಗಿ, ಹೊರಗೆ ಹೋದ ಹಾಗೆ ಕಾಣುತ್ತದೆ. ಕೊಬ್ಬಿನ ಮೀನನ್ನೂ ಬಡಕಲು ಮೀನನ್ನೂ ನೇರವಾಗಿ ಹೋಲಿಸುವಂತಿಲ್ಲ. ಅದಕ್ಕೇ ಶೇ 5 ಕೊಬ್ಬಿರುವ ಮೀನಿಗೆ ಸರಿಹೊಂದಿಸಿ ಹೇಳುತ್ತಾರೆ. ಈ ಪರೀಕ್ಷೆಗೆ ಬಳಸುವ ಮೀನುಗಳಲ್ಲಿ ನಮ್ಮ ಸಾಮಾನ್ಯ ಗೆಂಡೆಯೂ ಒಂದು!

ಪರೀಕ್ಷೆಯ ತೊಟ್ಟಿಯಲ್ಲಿರುವ ಮೀನಿಗೆ ಹೊರಗಿನಿಂದ ಆಹಾರ ಹಾಕುತ್ತಾರೆ. ಕೆರೆಯಲ್ಲಿ ದೊಡ್ಡದು ಚಿಕ್ಕದನ್ನು ತಿನ್ನುತ್ತದೆ, ಆಗ ಲೆಕ್ಕ ಇನ್ನೂ ಏರುತ್ತದೆ. ಅಮೆರಿಕದ ಕ್ಲಿಯರ್ ಲೇಕ್ ಎಂಬ ಸರೋವರಕ್ಕೆ 1949, 1954, 1957ರಲ್ಲಿ ನುಸಿ ಕಾಟ ತಪ್ಪಿಸಲು ಡಿಡಿಟಿಯ ಬಳಗದ ಡಿಡಿಡಿ ಹಾಕಿದರು. ಹಾಕಿದ್ದು ಕೋಟಿಗಟ್ಟಲೆ ಪಾಲು ನೀರಿಗೆ ಒಂದು ಪಾಲು. ಮೀನು ತಿಂದು ಬದುಕುವ ಹಕ್ಕಿಗಳು ಸತ್ತವು. ಅವುಗಳ ಕೊಬ್ಬಿನಲ್ಲಿ ಸಿಕ್ಕಿದ್ದು ಹತ್ತು ಲಕ್ಷಕ್ಕೆ 1,600 ಪಾಲು. ಹಕ್ಕಿಯ ಜಾಗದಲ್ಲಿ ನಾವೂ ಇದ್ದೇವೆ, ಅಲ್ವಾ? ಹಾಗಾಗಿ ಹಸಿರು ಪಾಚಿ, ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಒಂದು ವರ್ಷದ ಕಾಟ್ಲಾ ಬೇರೆ, ಹಲವು ವರ್ಷ ಬೇರೆ ಮೀನು ತಿಂದೇ ಬೆಳೆದ ಕೊರವ ಮೀನು ಬೇರೆ.

ಎಲ್ಲ ಕೀಟನಾಶಕವೂ ಹೀಗೆ ಸೇರುವುದಿಲ್ಲ ಅನ್ನೋದನ್ನೂ ಹೇಳಬೇಕು. ಈಗ ಗದ್ದೆಗೆ ಹೊಡೆಯುವ ಹಲವು ಔಷಧಿಗಳನ್ನು ಮೀನಿನ ಮೈ ಬೇಗ ಒಡೆದು ಹಾಕುತ್ತದೆ. ಬೇಸಾಯಕ್ಕೆ ಡಿಡಿಟಿ ನಿಷೇಧವಾಗಿದ್ದು 1989ರಲ್ಲಿ. ಆದರೆ ಅದು ಕೆಸರಿನಲ್ಲಿ ಬಹುಕಾಲ ಉಳಿಯುವ ಜಾತಿಯದು.

ತೊಳೆಯುವ ವಿಷಯಕ್ಕೆ ಬರೋಣ. ಉಪ್ಪು, ಅರಿಸಿನ, ಹುಣಸೆಹಣ್ಣು ಲೋಳೆ ಮತ್ತು ವಾಸನೆ ತೆಗೆಯುತ್ತವೆ, ಅಷ್ಟೇ. ಕೊಬ್ಬಿನಲ್ಲಿ ಸೇರಿದ್ದನ್ನು ಕಡಿಮೆ ಮಾಡಲು ಚರ್ಮ, ಹೊಟ್ಟೆ ಭಾಗದ ಕೊಬ್ಬು, ಈಲಿ ತೆಗೆದುಹಾಕಿ. ಪಾದರಸದ ವಿಷರೂಪವಾದ ಮೀಥೈಲ್ ಪಾದರಸ ಮಾತ್ರ ಕೊಬ್ಬಿನಲ್ಲಲ್ಲ, ಮಾಂಸದಲ್ಲೇ ಕೂರುತ್ತದೆ. ತೊಳೆದರೂ ಹೋಗಲ್ಲ, ಬೇಯಿಸಿದರೂ ಹೋಗಲ್ಲ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಇದರ ಅಪಾಯ ಜಾಸ್ತಿ. ಚರಂಡಿ ಅಥವಾ ಕಾರ್ಖಾನೆ ನೀರು ಸೇರುವ ಕೆರೆಯ ಮೀನನ್ನಂತೂ ದಯವಿಟ್ಟು ಅವರಿಗೆ ಬಡಿಸಬೇಡಿ.

ಇನ್ನೊಮ್ಮೆ ಪರೀಕ್ಷೆ ಮಾಡಿಸುವಾಗ ನೀರಿನ ಬಾಟಲಿ ಜೊತೆ ಮೀನನ್ನೂ ಕೊಡಿ. ಒಂದು ಗೆಂಡೆ, ಒಂದು ದೊಡ್ಡ ಕೊರವ. ಜೊತೆಗೆ ಒಂದು ಹಿಡಿ ಕೆಸರು. ಯಾವ ಮೀನು, ಎಷ್ಟು ತೂಕ, ಯಾವ ಭಾಗದ ಮಾಂಸ, ಎಷ್ಟು ಕೊಬ್ಬು ಅಂತ ವರದಿಯಲ್ಲಿ ಬರೆಯಿಸಿ. ಬಂದ ಮೇಲೆ ನಮಗೂ ಒಂದು ಪ್ರತಿ ಕಳಿಸಿ, ಮಗಳನ್ನೂ ಕೂರಿಸಿಕೊಂಡು ಒಟ್ಟಿಗೆ ಓದೋಣ.