ಹಾದಿ ಮಾಡೋದು ಸರಿ, ಕಾಯೋರು ಯಾರು?

ಗದಗ ಜಿಲ್ಲೆಯ ಹಿರಿಯ ಓದುಗರೊಬ್ಬರು, ನಿವೃತ್ತ ಹೈಸ್ಕೂಲ್ ಮಾಸ್ತರರು, ನಮಗೊಂದು ಉದ್ದನೆಯ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಪಶ್ಚಿಮ ಆಸ್ಟ್ರೇಲಿಯಾದ ಮುಂಡಾ ಬಿಡ್ಡಿ ಎಂಬ ದೂರದ ಸೈಕಲ್ ಹಾದಿಯನ್ನು ನೋಡಿಕೊಳ್ಳುವ ಸ್ವಯಂಸೇವಕರ ಸುದ್ದಿ ಕಳೆದ ಸಂಚಿಕೆಯಲ್ಲಿ ಬಂದಿತ್ತಲ್ಲ, ಅದನ್ನು ಓದಿ ಅವರಿಗೆ ಸಿಟ್ಟೂ ಬಂದಿದೆ, ಆಸೆಯೂ ಹುಟ್ಟಿದೆ. ಪತ್ರದ ಮುಖ್ಯ ಭಾಗ ಇದು:

“ಆಸ್ಟ್ರೇಲಿಯಾದ ಕಾಡಿನಾಗ ಯಾರೋ ಗಿಡದ ಟೊಂಗಿ ಕಡದ್ರು ಅಂತ ಎರಡು ಪುಟ ಬರದೀರಿ. ಅದರಿಂದ ನಮಗೇನ್ರೀ? ಧಾರವಾಡ, ಹಾವೇರಿ, ಗದಗ ಸುತ್ತಿ ಬರೋ ಹಂತಾ ಒಂದು ಹಾದಿ ನಮ್ಮ ಕಡೆ ಆಗತೈತೇನು, ಅದನ್ನ ಹೇಳ್ರಿ. ಸರ್ಕಾರ ಮಾಡೂದಿಲ್ಲ. ಮಂದಿ ಮಾಡಿದ್ರೂ ಉದ್ಘಾಟನೆ ದಿನ ಫೋಟೋ ತಗಸ್ಕೊಂಡು ಹೋಗ್ತಾರ, ಮರುದಿನ ಯಾರೂ ಇರೂದಿಲ್ಲ. ನಮ್ಮ ಓಣ್ಯಾಗ ಗಟಾರ ಬಳಿಯಾಕ ನಾಲ್ಕು ಮಂದಿ ಸಿಗೂದಿಲ್ಲ. ಇನ್ನ ಸೈಕಲ್ಲಂತೂ ಈಗ ರೊಕ್ಕ ಇದ್ದವರ ಶೋಕಿ ಆಗೇತಿ.”

ಗುರುಗಳೇ, ನಮಸ್ಕಾರ.

ಟೊಂಗೆ ಕಡಿದ ಸುದ್ದಿ ಅಂತ ನೀವು ಬೈದಿದ್ದೀರಿ. ಆ ಸುದ್ದಿಯನ್ನು ನಾವು ಹಾಕಿದ್ದೇ ಆ ಟೊಂಗೆಗಾಗಿ. ಮುಂಡಾ ಬಿಡ್ಡಿ ಪರ್ತ್ ನಗರದ ಹತ್ತಿರದ ಮುಂಡಾರಿಂಗ್ ಎಂಬ ಊರಿನಿಂದ ಹೊರಟು, ಕಾಡಿನೊಳಗೆ ಸಾವಿರ ಕಿಲೋಮೀಟರಿಗೂ ಜಾಸ್ತಿ ಸುತ್ತಿ, ದಕ್ಷಿಣದ ಕಡಲ ದಂಡೆಯ ಆಲ್ಬನಿ ತಲುಪುತ್ತದೆ. ಮೊದಲ ಹಂತ ತೆರೆದದ್ದು 2004ರಲ್ಲಿ. ಕೊನೆಯ ತುಂಡು ಸೇರಿದ್ದು 2013ರಲ್ಲಿ. ನೆಲ ಸರ್ಕಾರದ್ದು. ಸೇತುವೆ ಕಟ್ಟುವಂಥ ದೊಡ್ಡ ಕೆಲಸವೂ ಅಲ್ಲಿನ ಅರಣ್ಯ, ವನ್ಯಜೀವಿ ನೋಡಿಕೊಳ್ಳುವ ಇಲಾಖೆಯದು. ಉಳಿದ ಸಣ್ಣಪುಟ್ಟದ್ದನ್ನು ಸ್ವಯಂಸೇವಕರು ವಹಿಸಿಕೊಂಡಿದ್ದಾರೆ. ಇಡೀ ಹಾದಿಯನ್ನು ತುಂಡು ಮಾಡಿ, ಒಂದೊಂದು ತುಂಡಿಗೆ ಇಂಥವರು ಅಂತ ಹಂಚಿದ್ದಾರೆ. ಅವರು ಬಿಡುವು ಮಾಡಿಕೊಂಡು ಹೋಗುತ್ತಾರೆ. ಅಡ್ಡ ಬಿದ್ದ ಟೊಂಗೆ ತೆಗೆಯುತ್ತಾರೆ. ವಾಲಿದ ಗುರುತಿನ ಫಲಕ ನೆಟ್ಟಗೆ ಮಾಡುತ್ತಾರೆ. ರಾತ್ರಿ ತಂಗುವ ಜಾಗದಲ್ಲಿ ಮಳೆನೀರಿನ ಟ್ಯಾಂಕು ಇರುತ್ತದೆ, ಅದರಲ್ಲಿ ನೀರಿದೆಯೇ ನೋಡುತ್ತಾರೆ. ಆಮೇಲೆ ಕಂಡದ್ದನ್ನು ಬರೆದು ಕಳಿಸುತ್ತಾರೆ.

ಇಷ್ಟೇ ಸುದ್ದಿ. ಕಾಡ್ಗಿಚ್ಚು ದೊಡ್ಡದಾಗಬಾರದು ಅಂತ ಅಲ್ಲಿ ಇಲಾಖೆಯವರೇ ತಂಪಿನ ದಿನಗಳಲ್ಲಿ ಸಣ್ಣಗೆ ಬೆಂಕಿ ಹಾಕಿ ತರಗು ಸುಡುತ್ತಾರೆ. ಆಗ ಆ ತುಂಡು ಬಂದ್. “ಇಲ್ಲಿಂದ ಇಲ್ಲಿಯವರೆಗೆ ಹೋಗಬೇಡಿ, ಬದಲಿ ದಾರಿ ಹೀಗೆ” ಎಂದು ತಿಳಿಸುತ್ತಾರೆ. ಓದಲು ಬೇಜಾರು ನಿಜ. ಆದರೆ ಸೈಕಲ್ ಹೇರಿಕೊಂಡು ದೂರದಿಂದ ಬಂದವನಿಗೆ ಬೇಕಾದದ್ದು ಇದೇ ಅಲ್ವಾ? ನಮ್ಮಲ್ಲಿ ಹಾದಿಯ ಸುದ್ದಿ ಅಂದರೆ ಶಂಕುಸ್ಥಾಪನೆ, ಇಲ್ಲವೇ ಅಪಘಾತ. ನಡುವಿನ ದಿನಗಳ ಸುದ್ದಿಯನ್ನು ಬರೆಯುವವರೇ ಇಲ್ಲ.

ಇನ್ನು, ನಮ್ಮ ಮಂದಿ ಸೇರುವುದಿಲ್ಲ ಎಂಬ ಮಾತು. ಗುರುಗಳೇ, ಇದನ್ನು ನಾನು ಪೂರ್ತಿ ಒಪ್ಪಲಾರೆ. ಯುಗಾದಿ ಮುಂದೆ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ಎಷ್ಟು ಜನ ನಡೆದು ಹೋಗುತ್ತಾರೆ, ನೀವೇ ನೋಡಿದ್ದೀರಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ, ಧಾರವಾಡ, ಎಲ್ಲ ಕಡೆಯವರೂ ಇರುತ್ತಾರೆ. ನೂರಾರು ಕಿಲೋಮೀಟರ್ ಹಾದಿ, ಅದೂ ಬಿಸಿಲಿನ ದಿನಗಳಲ್ಲಿ. ಆ ಹಾದಿಯ ಊರುಗಳಲ್ಲಿ ಯಾರ ಹುಕುಮೂ ಇಲ್ಲದೆ ಪೆಂಡಾಲ್ ಬೀಳುತ್ತದೆ. ಮಜ್ಜಿಗೆ ಬರುತ್ತದೆ. ರೊಟ್ಟಿ, ಪಲ್ಯ ಬರುತ್ತದೆ. ಬೊಬ್ಬೆ ಎದ್ದ ಕಾಲಿಗೆ ಎಣ್ಣೆ, ಬಿಸಿನೀರು, ಗುಳಿಗೆ ಸಹಿತ ಸಿಗುತ್ತವೆ. ಇಂಥ ಊರಿನವರು ಇಂಥ ಕಡೆ ದಾಸೋಹ ಹಾಕುತ್ತಾರೆ ಎಂಬುದು ವರ್ಷವರ್ಷ ನಡೆದು ಬಂದ ಲೆಕ್ಕ. ದೂರದ ಹಾದಿಗೆ ಸ್ವಯಂಸೇವಕರು ಅಂದರೆ ಇವರೇ ತಾನೇ? ನಿಮ್ಮ ಪಕ್ಕದ ಕಣಗಿನಹಾಳವನ್ನಂತೂ ನಾನು ನಿಮಗೆ ನೆನಪಿಸಬೇಕಿಲ್ಲ. ದೇಶದ ಮೊದಲ ಸಹಕಾರಿ ಸಂಘ ಅಂತ ಹೆಸರಾದ ಸಂಘ 1905ರಲ್ಲಿ ಹುಟ್ಟಿದ್ದು ಆ ಹಳ್ಳಿಯಲ್ಲಿ. ಒಬ್ಬರನ್ನೊಬ್ಬರು ನಂಬಿ ರೊಕ್ಕ ಕೂಡಿಸುವುದು ಗಟಾರ ಬಳಿಯುವುದಕ್ಕಿಂತ ಸುಲಭದ ಕೆಲಸ ಏನಲ್ಲ.

ಆದರೂ ನಿಮ್ಮ ಅನುಮಾನದಲ್ಲಿ ಹುರುಳಿದೆ. ಪಾದಯಾತ್ರೆಯ ಸೇವೆ ವರ್ಷದಲ್ಲಿ ಕೆಲವೇ ದಿನಗಳದ್ದು. ಅದರ ಹಿಂದೆ ಶ್ರೀಶೈಲದ ಮಲ್ಲಯ್ಯನ ಮೇಲಿನ ಭಕ್ತಿ ಇದೆ. ಸೈಕಲ್ ಹಾದಿಯಲ್ಲಿ ಆಷಾಢದ ಒಂದು ಮಂಗಳವಾರ ಬಿದ್ದ ಫಲಕ ಎತ್ತಿ ನಿಲ್ಲಿಸಿದರೆ ಪುಣ್ಯವೂ ಇಲ್ಲ, ನೋಡುವವರೂ ಇಲ್ಲ. ಅದಕ್ಕೇ ಹಂಚಿಕೆ ಬೇಕು ಅನ್ನೋದು. ಎಲ್ಲರೂ ಸೇರಿ ಎಲ್ಲ ಹಾದಿ ನೋಡೋಣ ಅಂದರೆ ನೀವು ಹೇಳಿದ ಹಾಗೇ ಆಗುತ್ತದೆ. ಡಂಬಳದಿಂದ ಮುಂದಿನ ಊರಿನವರೆಗೆ ಇವರದು, ಅಲ್ಲಿಂದ ಶಿರಹಟ್ಟಿಯವರೆಗೆ ಅವರದು ಅಂತ ಬರೆದಿಟ್ಟರೆ, ಕೇಳುವುದಕ್ಕೆ ಒಬ್ಬ ಮನುಷ್ಯ ಸಿಗುತ್ತಾನೆ. ಒಂದು ಹೈಸ್ಕೂಲೋ ಯುವಕ ಮಂಡಳವೋ ಐದು ಕಿಲೋಮೀಟರ್ ಒಪ್ಪಿಕೊಂಡರೂ ಸಾಕು.

ಈಗ ಹಾದಿಗೆ ಬರೋಣ. ಇದರಲ್ಲಿ ನನಗೂ ಸ್ವಲ್ಪ ಹುಚ್ಚಿದೆ, ಉದ್ದವಾದರೆ ಸಹಿಸಿಕೊಳ್ಳಿ.

ಹೊಸ ರಸ್ತೆ ಬೇಡವೇ ಬೇಡ. ಇರುವ ಹಳ್ಳಿ ರಸ್ತೆ, ಬಂಡಿದಾರಿಗಳೇ ಬೇಕಾದಷ್ಟಿವೆ. ಧಾರವಾಡದಿಂದ ಕಲಘಟಗಿ, ತಡಸ ಮೇಲೆ ಶಿಗ್ಗಾವಿ. ಅಲ್ಲಿಂದ ಕನಕದಾಸರ ಬಾಡ, ಕೋಟೆ ಮತ್ತು ನವಿಲುಗಳ ಬಂಕಾಪುರ. ಸವಣೂರಿಗೆ ಬಂದರೆ ಆ ಮೂರು ದೊಡ್ಡ ಹುಣಸೆ ಮರ. ಹುಣಸೆ ಅಂತ ಕರೆದರೂ ಅವು ಆಫ್ರಿಕಾ ಮೂಲದ ಬಾವೊಬಾಬ್ ಮರಗಳು. ಖಾರ, ಚುರುಮುರಿ ತಿಂದು ಮುಂದೆ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ, ಮಾಗಡಿ ಕೆರೆ, ಶಿರಹಟ್ಟಿಯ ಫಕೀರೇಶ್ವರ ಮಠ, ಡಂಬಳದ ದೊಡ್ಡಬಸಪ್ಪನ ಗುಡಿ, ಲಕ್ಕುಂಡಿ, ಗದಗ. ವಾಪಸ್ ಬರುವಾಗ ಪಂಪನ ಅಣ್ಣಿಗೇರಿ, ಮೊರಬ, ಹೆಬ್ಬಳ್ಳಿ ಕಡೆಯಿಂದ ಧಾರವಾಡ.

ಹಾವೇರಿ ಕಡೆಯಿಂದಲೇ ಯಾಕೆ ಮೊದಲು ಅಂದರೆ, ಗಾಳಿ. ಗದಗ ಜಿಲ್ಲೆಯ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಮಳೆಗಾಲದಲ್ಲಿ ಅದು ಪಡುವಣದಿಂದ ಬೀಸುತ್ತದೆ, ಚಳಿಗಾಲದಲ್ಲಿ ಮೂಡಣದಿಂದ. ನಮ್ಮ ಸವಾರಿ ಚಳಿಗಾಲದ್ದೇ ಆಗಬೇಕು. ಹಾಗಾಗಿ ಕಾಲಲ್ಲಿ ಕಸುವಿರುವ ಮೊದಲ ದಿನಗಳಲ್ಲಿ ಎದುರುಗಾಳಿ ಮುಗಿಸಿಬಿಡುವುದು. ಗದಗದಿಂದ ಧಾರವಾಡದವರೆಗೆ ಮರವಿಲ್ಲದ ಬಯಲು, ಅಲ್ಲಿ ಗಾಳಿ ಬೆನ್ನಿಗೆ ಸಿಗುತ್ತದೆ.

ಚಳಿಗಾಲವೇ ಯಾಕೆ ಅಂತ ನೀವು ಕೇಳುವುದಿಲ್ಲ, ನೀವು ಎರಿ ಭೂಮಿಯವರು. ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ. ಅಣ್ಣಿಗೇರಿ, ನವಲಗುಂದದ ಕರಿ ಮಣ್ಣು ಒಂದು ಹದ ಮಳೆ ಬಿದ್ದರೆ ಸಾಕು, ಗಾಲಿಗೆ ಸುತ್ತಿಕೊಂಡು, ಮಡ್‌ಗಾರ್ಡಿನಲ್ಲಿ ತುಂಬಿಕೊಂಡು, ಸೈಕಲ್ ಅಲ್ಲೇ ನಿಂತುಬಿಡುತ್ತದೆ. ತಳ್ಳಲೂ ಆಗುವುದಿಲ್ಲ. ಹೆಗಲ ಮೇಲೆ ಹೊತ್ತುಕೊಂಡು ನಡೆಯಬೇಕು, ಚಪ್ಪಲಿಗೆ ಅಂಟಿದ ಮಣ್ಣಿನ ತೂಕ ಬೇರೆ. ಬೆಣ್ಣೆಹಳ್ಳ ತುಂಬಿದರಂತೂ ರಸ್ತೆಯೇ ಬಂದ್. ಶಿರಹಟ್ಟಿ ಸೀಮೆಯ ಕೆಂಪು ಮಸಾರಿ ಹಾಗಲ್ಲ, ಮಳೆ ನಿಂತರೆ ಬೇಗ ಆರುತ್ತದೆ. ಆದರೆ ಅಲ್ಲಿ ಜಾಲಿ ಮುಳ್ಳು, ನೆಗ್ಗಿಲ ಮುಳ್ಳು. ಒಂದು ಕಡೆ ಕೆಸರು, ಇನ್ನೊಂದು ಕಡೆ ಪಂಕ್ಚರ್. ಆದ್ದರಿಂದ ನಮ್ಮ ಹಾದಿಯ ಸ್ವಯಂಸೇವಕ ಕಳಿಸಬೇಕಾದ ಮೊದಲ ವರದಿ “ಮಣ್ಣು ಆರಿದೆ” ಅಥವಾ “ಆರಿಲ್ಲ”. ಈ ಒಂದು ಸಾಲು ಊರಿನಿಂದ ಊರಿಗೆ ಬಂದರೆ ಅರ್ಧ ಕೆಲಸ ಆದ ಹಾಗೆ.

ಎರಡನೆಯದು ನೀರು. ಗದಗ ಜಿಲ್ಲೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಶುದ್ಧ ಕುಡಿಯುವ ನೀರಿನ ಘಟಕಗಳನ್ನು ಊರೂರಿಗೆ ಹಾಕಿದ್ದಾರೆ. ಕೆಲವು ನಡೆಯುತ್ತವೆ, ಕೆಲವು ಕೆಟ್ಟು ನಿಂತಿವೆ. ಯಾವುದು ನಡೆಯುತ್ತದೆ ಎಂಬುದು ನಕಾಶೆ ನೋಡಿದರೆ ಗೊತ್ತಾಗುವುದಿಲ್ಲ, ಊರಿನವರೇ ಹೇಳಬೇಕು. ಮಲಗುವುದಕ್ಕೆ ಚಿಂತೆ ಇಲ್ಲ. ಮಠ, ಸಮುದಾಯ ಭವನ, ಗುಡಿಯ ಪೌಳಿ, ಎಲ್ಲೋ ಒಂದು ಕಡೆ ಜಾಗ ಆಗುತ್ತದೆ. ಊಟಕ್ಕೆ ಖಾನಾವಳಿಗಳಿವೆ. ಹೆಣ್ಣುಮಕ್ಕಳು ಬಂದರೆ ಶೌಚಾಲಯ, ಬಾಗಿಲು ಹಾಕಿಕೊಳ್ಳುವ ಕೋಣೆ, ಇವೆರಡನ್ನು ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಇದನ್ನು “ಆಮೇಲೆ ನೋಡೋಣ” ಅಂದರೆ ಅದು ಗಂಡಸರ ಹಾದಿಯಾಗಿಯೇ ಉಳಿಯುತ್ತದೆ.

ಹಾದಿಯಿಂದ ಕೆಲವನ್ನು ಬಿಡಲೂ ಬೇಕು. ಹುಬ್ಬಳ್ಳಿ–ಧಾರವಾಡ ಬೈಪಾಸಿನಲ್ಲಿ ಸೈಕಲ್ ಹೊಡೆಯಿರಿ ಅಂತ ನಾನು ಯಾರಿಗೂ ಹೇಳಲಾರೆ. ಹಳೆಯ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯಲ್ಲಿ ಹುಬ್ಬಳ್ಳಿ–ಧಾರವಾಡ ನಡುವೆ ಓಡುವ ಚಿಗರಿ ಎಂಬ ಬಸ್ಸಿಗೆ ತನ್ನದೇ ಲೇನ್ ಇದೆ, ಸೈಕಲ್ಲಿನವರು ಪಕ್ಕದಲ್ಲಿ ಬೈಕು, ಆಟೋಗಳ ನಡುವೆ ನುಸುಳಬೇಕು. ಹುಬ್ಬಳ್ಳಿಯವರಿಗೆ ಬೇಜಾರಾಗಬಹುದು, ಆದರೆ ಮೇಲೆ ಹೇಳಿದ ಸುತ್ತಿನಲ್ಲಿ ಹುಬ್ಬಳ್ಳಿ ಪೇಟೆ ಇಲ್ಲವೇ ಇಲ್ಲ. ಬ್ರಿಟನ್ನಿನ ಸೈಕಲ್ ಹಾದಿಗಳ ಜಾಲವನ್ನು ಕಟ್ಟಿದ ಸಸ್ಟ್ರಾನ್ಸ್ ಎಂಬ ದತ್ತಿ ಸಂಸ್ಥೆ 1977ರಲ್ಲಿ ಬ್ರಿಸ್ಟಲ್ ನಗರದ ಒಂದು ಸಣ್ಣ ಗುಂಪಾಗಿ ಶುರುವಾಯಿತು. ಹಳಿ ಕಿತ್ತ ರೈಲು ದಾರಿಯನ್ನು ಸ್ವಯಂಸೇವಕರು ಸೇರಿ ಸೈಕಲ್ಲಿಗೆ ಹದ ಮಾಡಿದ್ದು ಅವರ ಮೊದಲ ದೊಡ್ಡ ಕೆಲಸ. ಅದೇ ಸಂಸ್ಥೆ 2020ರಲ್ಲಿ ತನ್ನ ಜಾಲದ ಸುಮಾರು ಕಾಲು ಭಾಗವನ್ನು ಪಟ್ಟಿಯಿಂದ ತೆಗೆಯಿತು ಅಥವಾ ಬೇರೆ ದರ್ಜೆಗೆ ಇಳಿಸಿತು. ಎಲ್ಲರೂ ಹೋಗುವಷ್ಟು ಸುರಕ್ಷಿತ ಅಲ್ಲ ಎಂಬುದೇ ಕಾರಣ. ತಾವೇ ಬರೆದ ಗೆರೆಯನ್ನು ತಾವೇ ಅಳಿಸಿದರು. ನಮಗೆ ಅಷ್ಟು ಕಷ್ಟ ಬೇಡ, ಮೊದಲೇ ಬರೆಯದಿದ್ದರೆ ಆಯಿತು.

ಕಪ್ಪತಗುಡ್ಡದ ಒಳಗೂ ಹಾದಿ ಬೇಡ. 2019ರಿಂದ ಅದು ವನ್ಯಜೀವಿ ಧಾಮ. ತೋಳ, ಕತ್ತೆಕಿರುಬಗಳ ಜಾಗ. ಗುಡ್ಡದ ಅಂಚಿನ ಊರುಗಳಲ್ಲಿ ಹೋದರೆ ನೋಟವೂ ಸಿಗುತ್ತದೆ, ಚಹಾವೂ ಸಿಗುತ್ತದೆ. ಮಾಗಡಿ ಕೆರೆಯ ಹತ್ತಿರವೂ ಅಷ್ಟೇ. ಹಿಮಾಲಯ ದಾಟಿ ಬರುವ ಪಟ್ಟೆ ತಲೆಯ ಬಾತುಗಳು ಚಳಿಗಾಲದಲ್ಲಿ ಅಲ್ಲಿರುತ್ತವೆ. 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಗೂ ಸೇರಿದೆ. ದಂಡೆಯ ಮೇಲೆ ಸೈಕಲ್ ಜಾತ್ರೆ ಮಾಡುವುದು ಬೇಡ. ದೂರ ನಿಲ್ಲಿಸಿ, ನಡೆದು ಹೋಗಿ ನೋಡಿ ಬಂದರಾಯಿತು.

ಶೋಕಿಯ ಮಾತಿಗೆ ಉತ್ತರ ಚಿಕ್ಕದು. ಲಕ್ಷ ರೂಪಾಯಿಯ ಸೈಕಲ್ ಇದೆ, ನಿಜ. ಆದರೆ 2006–07ರಿಂದ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಹಂಚಿದ ಸೈಕಲ್ಲುಗಳನ್ನು ನಿಮ್ಮ ಶಾಲೆಯ ಮುಂದೆಯೇ ಸಾಲಾಗಿ ನಿಲ್ಲಿಸಿರಬೇಕು. ಬೆಳಗಿನ ಜಾವ ಗದಗ ಸುತ್ತಿನ ರಸ್ತೆಗಳಲ್ಲಿ ತರಬೇತಿಗೆ ಹೊರಡುವ ಹುಡುಗ ಹುಡುಗಿಯರು ಬಹುಪಾಲು ರೈತರ ಮನೆಯವರು. ನೋಡಿ, ದುಬಾರಿ ಸೈಕಲ್ಲಿನವನೇ ಹಳ್ಳಿಯಲ್ಲಿ ಜಾಸ್ತಿ ಪರದಾಡುತ್ತಾನೆ. ಅವನ ಟ್ಯೂಬಿನ ತೆಳ್ಳಗಿನ ವಾಲ್ವಿಗೆ ನಮ್ಮ ಪಂಕ್ಚರ್ ಅಂಗಡಿಯ ಪಂಪು ಕೂಡುವುದಿಲ್ಲ. ಬೆರಳ ತುದಿಯಷ್ಟು ದೊಡ್ಡ ಹಿತ್ತಾಳೆಯ ಅಡಾಪ್ಟರ್ ಒಂದಿದ್ದರೆ ಕೂಡುತ್ತದೆ. ಹಾದಿಯ ಅಂಗಡಿಗಳಿಗೆ ಅಂಥದ್ದೊಂದು ಕೊಟ್ಟಿಡುವುದು ಸ್ವಯಂಸೇವಕರು ಮಾಡಬಹುದಾದ ಅಗ್ಗದ ಕೆಲಸ. ಅಂಗಡಿಯವನಿಗೂ ನಾಲ್ಕು ಕಾಸು.

ನಮ್ಮ ಪತ್ರಿಕೆಯಿಂದ ಏನಾಗುತ್ತದೆ ಅಂತ ಕೇಳಿದ್ದೀರಿ. ಇಡೀ ಸುತ್ತಿನ ಮಾತು ಸದ್ಯಕ್ಕೆ ಬೇಡ. ಲಕ್ಕುಂಡಿಯಿಂದ ಡಂಬಳ ಹಾದು ಶಿರಹಟ್ಟಿಯವರೆಗಿನ ತುಂಡು ಹಿಡಿಯೋಣ. ಆ ಹಾದಿಯ ಊರುಗಳ ಓದುಗರು ನೀರಿನ ಘಟಕ, ಪಂಕ್ಚರ್ ಅಂಗಡಿ, ತಂಗುವ ಜಾಗ, ಈ ಮೂರರ ಬಗ್ಗೆ ಬರೆದು ಕಳಿಸಿದರೆ, ಸುಗ್ಗಿಗೆ ಮುಂಚೆ ಒಂದು ಪುಟದ ನಕಾಶೆ ಅಚ್ಚು ಹಾಕುತ್ತೇವೆ. ಮುಂದಿನ ಸಂಚಿಕೆಗಳಲ್ಲಿ ಅದೇ ತುಂಡಿನ ಸುದ್ದಿ ಬರುತ್ತಿರುತ್ತದೆ. ಯಾರೂ ವಹಿಸಿಕೊಳ್ಳದ ಊರಿನ ಮುಂದೆ ಜಾಗ ಖಾಲಿ ಬಿಟ್ಟು ಹಾಗೇ ಅಚ್ಚು ಹಾಕುತ್ತೇವೆ. ನಿಮ್ಮ ಹಳೆಯ ವಿದ್ಯಾರ್ಥಿಗಳು ಆ ಸೀಮೆಯಲ್ಲಿ ಸಾಕಷ್ಟು ಜನ ಇರಬೇಕು. ನೀವು ಒಂದು ಮಾತು ಹೇಳಿದರೆ ನಾವು ನೂರು ಜಾಹೀರಾತು ಹಾಕಿದ್ದಕ್ಕಿಂತ ಜಾಸ್ತಿ ಕೆಲಸ ಆಗುತ್ತದೆ.

ಪತ್ರದ ಕೊನೆಗೆ, ಎಂಟನೇ ಕ್ಲಾಸಿನ ಮೊಮ್ಮಗಳಿಗೆ ಗೇರ್ ಸೈಕಲ್ ಕೊಡಿಸಲೋ ಬೇಡವೋ ಅಂತಲೂ ಕೇಳಿದ್ದೀರಿ. ಶಾಲೆಗೆ, ಊರೊಳಗಿನ ಓಡಾಟಕ್ಕೆ ಗೇರ್ ಬೇಡ. ಕಡಿಮೆ ಬೆಲೆಯ ಗೇರ್ ಸೈಕಲ್ಲುಗಳಲ್ಲಿ ಚೈನ್ ಸರಿಸುವ ಹಿಂದಿನ ಭಾಗ ಒಂದು ಸಲ ಬಿದ್ದರೆ ಬಾಗುತ್ತದೆ, ಹಳ್ಳಿಯಲ್ಲಿ ರಿಪೇರಿ ಮಾಡುವವರು ಸಿಗುವುದಿಲ್ಲ. ಅದೇ ರೊಕ್ಕದಲ್ಲಿ ಗೇರಿಲ್ಲದ ಗಟ್ಟಿ ಸೈಕಲ್ ಬರುತ್ತದೆ. ಕ್ಯಾರಿಯರ್, ಮಡ್‌ಗಾರ್ಡ್ ಇರಲಿ. ಅಂಗಡಿಗೆ ಅವಳನ್ನೇ ಕರೆದುಕೊಂಡು ಹೋಗಿ ಕೂರಿಸಿ ನೋಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ ಸ್ವಲ್ಪವೇ ಬಾಗಿರಬೇಕು, ಸೀಟು ಅಷ್ಟು ಎತ್ತರಕ್ಕಿರಲಿ. ಬೆಳೆಯುವ ಹುಡುಗಿ ಅಂತ ಎರಡು ಸೈಜು ದೊಡ್ಡದು ಮಾತ್ರ ತರಬೇಡಿ.