ಫೋರ್ಟ್ ಮೆಕ್‌ಹೆನ್ರಿ: ಹೆಸರಿನ ಹಿಂದಿನ ಡಾಕ್ಟರ್

ಅಮೆರಿಕದ ಬಾಲ್ಟಿಮೋರಿನಲ್ಲಿರುವ ಫೋರ್ಟ್ ಮೆಕ್‌ಹೆನ್ರಿ ಎಂಬ ಕೋಟೆಗೆ ಯಾವ ಸೇನಾಪತಿಯ ಹೆಸರಿಟ್ಟಿದ್ದಾರೆ ಅಂತ ಕೇಳಿದ್ದೀರಿ. ಸೇನಾಪತಿಯಲ್ಲ ಸಾರ್, ಡಾಕ್ಟರ್! ಜೇಮ್ಸ್ ಮೆಕ್‌ಹೆನ್ರಿ ಹುಟ್ಟಿದ್ದು ಐರ್ಲೆಂಡಿನಲ್ಲಿ, 1753ರಲ್ಲಿ. ಅಮೆರಿಕಕ್ಕೆ ಬಂದು ಫಿಲಡೆಲ್ಫಿಯಾದ ಹೆಸರಾಂತ ವೈದ್ಯ ಬೆಂಜಮಿನ್ ರಶ್ ಹತ್ತಿರ ವೈದ್ಯಕೀಯ ಕಲಿತರು. ಬ್ರಿಟಿಷರ ವಿರುದ್ಧ ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದಾಗ ಅಮೆರಿಕದ ಸೈನ್ಯದಲ್ಲಿ ಶಸ್ತ್ರವೈದ್ಯರಾದರು. 1776ರ ನವೆಂಬರಿನಲ್ಲಿ ನ್ಯೂಯಾರ್ಕಿನ ಫೋರ್ಟ್ ವಾಷಿಂಗ್ಟನ್ ಕೋಟೆ ಬ್ರಿಟಿಷರ ಕೈಸೇರಿದಾಗ ಇವರೂ ಸೆರೆಸಿಕ್ಕರು.

ಬಿಡುಗಡೆಯಾದ ಮೇಲೆ ಡಾಕ್ಟರಿಕೆಯಲ್ಲಿ ಹೆಚ್ಚು ದಿನ ಉಳಿಯಲಿಲ್ಲ. 1778ರಲ್ಲಿ ಸೈನ್ಯದ ಮುಖ್ಯಸ್ಥ ಜಾರ್ಜ್ ವಾಷಿಂಗ್ಟನ್ ಅವರ ಕಾರ್ಯದರ್ಶಿಯಾದರು, ಆಮೇಲೆ ಅಮೆರಿಕದ ಪರ ಹೋರಾಡುತ್ತಿದ್ದ ಫ್ರೆಂಚ್ ಸೇನಾಧಿಕಾರಿ ಲಫಾಯೆಟ್ ಜೊತೆ ಕೆಲಸ ಮಾಡಿದರು.

ನನಗೆ ಇಷ್ಟವಾಗುವುದು ಅವರ ಡೈರಿ. 1787ರಲ್ಲಿ ಅಮೆರಿಕದ ಸಂವಿಧಾನ ರೂಪಿಸಿದ ಸಭೆಗೆ ಮೇರಿಲ್ಯಾಂಡ್ ರಾಜ್ಯದ ಪ್ರತಿನಿಧಿಯಾಗಿ ಹೋಗಿದ್ದರು, ಸಂವಿಧಾನಕ್ಕೆ ಸಹಿಯೂ ಹಾಕಿದರು. ನಮಗೆ ಸಿಕ್ಕಿದ್ದು ಗಣರಾಜ್ಯವೋ ರಾಜಪ್ರಭುತ್ವವೋ ಅಂತ ಒಬ್ಬ ಹೆಂಗಸು ಆ ಸಭೆಯಲ್ಲಿದ್ದ ಹಿರಿಯ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ಅವರನ್ನು ಕೇಳಿದರಂತೆ. ಗಣರಾಜ್ಯ, ಉಳಿಸಿಕೊಂಡರೆ, ಅಂದರಂತೆ ಅವರು. ಎಲ್ಲರೂ ಹೇಳುವ ಆ ಮಾತು ನಮಗೆ ಸಿಕ್ಕಿದ್ದೇ ಈ ಡೈರಿಯಿಂದ. ಕೇಳಿದವರು ಫಿಲಡೆಲ್ಫಿಯಾದ ಶ್ರೀಮತಿ ಪವೆಲ್ ಅಂತಲೂ ಬರೆದಿಟ್ಟಿದ್ದಾರೆ.

1796ರಲ್ಲಿ ಯುದ್ಧ ಖಾತೆಯ ಕಾರ್ಯದರ್ಶಿಯಾದರು. ಕೋಟೆಗೆ ಹೆಸರು ಬಂದಿದ್ದು ಅದರಿಂದಲೇ. ಆದರೆ ಅಧ್ಯಕ್ಷರ ಪಕ್ಷದಲ್ಲೇ ಇದ್ದ ಅವರ ಎದುರಾಳಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಕಡೆ ಜಾಸ್ತಿ ವಾಲಿದ್ದರಿಂದ ಅಧ್ಯಕ್ಷ ಆಡಮ್ಸ್ ಕೆಂಗಣ್ಣಿಗೆ ಗುರಿಯಾಗಿ, 1800ರಲ್ಲಿ ರಾಜೀನಾಮೆ ಕೊಡಬೇಕಾಯಿತು. 1814ರಲ್ಲಿ, ಅಮೆರಿಕ ಮತ್ತು ಬ್ರಿಟನ್ ನಡುವೆ ಮತ್ತೆ ಯುದ್ಧ ನಡೆಯುತ್ತಿದ್ದಾಗ, ಬ್ರಿಟಿಷರು ಕೋಟೆಯ ಮೇಲೆ 25 ಗಂಟೆ ಬಾಂಬ್ ಸುರಿಸಿದಾಗ ಅವರು ಇನ್ನೂ ಬದುಕಿದ್ದರು. ತೀರಿಕೊಂಡಿದ್ದು 1816ರಲ್ಲಿ.