ಶಾರ್ಟ್ ಸೆಲ್ಲರ್ ವರದಿ ಬಂದರೆ ಏನು ಮಾಡೋದು?
ಷೇರು ಬೆಲೆ ಬೀಳುತ್ತೆ ಅಂತ ಪಣ ಕಟ್ಟಿ ಲಾಭ ಮಾಡಲು ನೋಡುವವರೇ ಶಾರ್ಟ್ ಸೆಲ್ಲರ್. ಅಂಥವರು ಕಂಪನಿ ಮೇಲೆ ಆರೋಪ ಮಾಡಿದ ವರದಿ ಬಂದು ಷೇರು ಬಿದ್ದಾಗ ಕಂಪನಿ ಏನು ಮಾಡಬಹುದು, ನೀವು ಮಾರಿಬಿಡಬೇಕಾ ಅಂತ ಕೇಳಿದ್ದೀರಿ. ಅದಾನಿ ವಿಷಯ ನೆನಪಿದೆ ಅಲ್ವಾ? 2023ರ ಜನವರಿ 24ಕ್ಕೆ ಅಮೆರಿಕದ ಶಾರ್ಟ್ ಸೆಲ್ಲರ್ ಹಿಂಡನ್‌ಬರ್ಗ್‌ನ ವರದಿ ಬಂತು. ಕಂಪನಿ 413 ಪುಟಗಳ ಉತ್ತರ ಕೊಟ್ಟಿತು. ಆದರೂ ಕುಸಿತ ನಿಲ್ಲಲಿಲ್ಲ, 20,000 ಕೋಟಿ ರೂಪಾಯಿಯ ಎಫ್‌ಪಿಒ (ಈಗಾಗಲೇ ಷೇರುಪೇಟೆಯಲ್ಲಿರುವ ಕಂಪನಿ ಮತ್ತೆ ಜನರಿಗೆ ಷೇರು ಮಾರುವುದು) ಕೈಬಿಡಬೇಕಾಯಿತು. ಆಮೇಲೆ ಷೇರು ಅಡವಿಟ್ಟು ತಂದ ಸಾಲವನ್ನು ಅವಧಿಗೆ ಮುಂಚೆಯೇ ತೀರಿಸತೊಡಗಿದರು. ಮಾರ್ಚ್‌ನಲ್ಲಿ ಜಿಕ್ಯೂಜಿ ಅನ್ನೋ ಹೂಡಿಕೆ ಸಂಸ್ಥೆ 15,446 ಕೋಟಿ ರೂಪಾಯಿಯ ಷೇರು ಕೊಂಡಿತು. ನನ್ನ ಪ್ರಕಾರ ಪುಟಗಟ್ಟಲೆ ಮಾತಿಗಿಂತ ಇದೇ ಜಾಸ್ತಿ ಕೆಲಸ ಮಾಡಿತು.

ನೀವು ಗಾಬರಿಯಲ್ಲಿ ಮಾರಬೇಡಿ, ಹಟಕ್ಕೆ ಬಿದ್ದು ಇಟ್ಟುಕೊಳ್ಳಲೂಬೇಡಿ. ಒಂದೊಂದು ಆರೋಪವನ್ನೂ ವಾರ್ಷಿಕ ವರದಿಯ ಪಕ್ಕ ಇಟ್ಟು ಓದಿ. ಸಾಲ ಎಷ್ಟಿದೆ, ಪ್ರವರ್ತಕರ (ಕಂಪನಿ ಕಟ್ಟಿ ಹಿಡಿತದಲ್ಲಿಟ್ಟುಕೊಂಡವರ) ಷೇರು ಎಷ್ಟು ಅಡವಿದೆ, ಆಡಿಟರ್ ಏನು ಬರೆದಿದ್ದಾರೆ ನೋಡಿ. ಉತ್ತರ ಸಿಗದಿದ್ದರೆ ವಾರ್ಷಿಕ ಸಭೆಯಲ್ಲೇ ಕೇಳಿ. ಒಂದೇ ಷೇರಿದ್ದರೂ ನೀವು ಷೇರುದಾರರೇ.